ಬಾಯಿ ನೋಡುವಾಕೆ

ಟ್ರಂಕಿನ ಮೇಲಿದ್ದ ಫೋನು ನಡುಗುತ್ತ ನಡುಗುತ್ತ ಅಂಚಿಗೆ ಬಂದು ಇನ್ನೇನು ಬೀಳುವುದರಲ್ಲಿತ್ತು. ಯಶೋಧರಾ ಒದ್ದೆ ಕೈಯಲ್ಲೇ ಅದನ್ನು ಹಿಡಿದುಕೊಂಡಳು. ಅವಳ ಇನ್ನೊಂದು ಕೈಯಲ್ಲಿ ಸತ್ತ ಅವ್ವನ ತಲೆಯಿತ್ತು. ಕೂದಲಿಗೆ ನೀರು ಹೊಯ್ಯುತ್ತಿದ್ದ ಸೋದರತ್ತೆ ಗಯಾಬಾಯಿ ಚೊಂಬನ್ನು ಮೋರಿಯ ಕಟ್ಟೆಗೆ ಕುಕ್ಕಿದಳು.

"ಅದನ್ನ ಬಂದ್ ಮಾಡವಾ ಮೊದಲ. ಬಂದಾಗಿಂದ ನೋಡಾಕತ್ತೇನಿ, ಹೆಣದ ಮುಂದ ಟುಂಯ್ ಟುಂಯ್ ಅಂತೈತಿ."

"ಬಂದ್ ಮಾಡಾಕ ಬರಂಗಿಲ್ಲತ್ತಿ. ಮಂದಿ ಗುಳಿಗಿ ನುಂಗಾಕತ್ತಾರ."

"ನುಂಗ್ಲಿ. ಅದನ್ನ ನಮಗ್ಯಾಕ ತೋರಸ್ತಾರ?"

"ನಮಗಲ್ಲ. ಅವ್ವಗ."

ಗಯಾಬಾಯಿ ಮತ್ತೆ ಚೊಂಬು ಎತ್ತಿಕೊಂಡಳು. ಮನ್‌ಮಾಡಿನಿಂದ ಬೆಳಗಿನ ರೈಲಿಗೆ ಬಂದವಳು, ಬಂದ ಕಾಲಲ್ಲೇ ಸೀರೆ ಎತ್ತಿ ಕಟ್ಟಿ ಹೆಣ ಮೀಯಿಸಲು ಕೂತಿದ್ದಳು. ಮಾನ್‌ಖುರ್ದಿನ ಆ ಖೋಲಿಯಲ್ಲಿ ಕಾಲು ಚಾಚಿದರೆ ಗೋಡೆ ತಾಗುತ್ತದೆ. ಹೆಣ ಅಡ್ಡ ಮಲಗಿಸಿದ ಮೇಲೆ ಇಬ್ಬರಿಗೆ ಮಾತ್ರ ಜಾಗ ಉಳಿದಿತ್ತು. ಉಳಿದ ಹೆಂಗಸರು ಬಾಗಿಲಿಗೆ ಹಿಡಿದ ಚಾದರದ ಆಚೆ ನಿಂತು ಅಳುತ್ತಿದ್ದರು, ನಡುನಡುವೆ ನೀರು ದಾಟಿಸುತ್ತಿದ್ದರು.

"ಎಷ್ಟು ಕಪ್ಪಾಗ್ಯಾಳ ನೋಡು ನಮ್ಮ ಛಾಯಾ," ಎಂದಳು ಗಯಾಬಾಯಿ, ತಮ್ಮನ ಹೆಂಡತಿಯ ಕೆನ್ನೆಗೆ ಸಾಬೂನು ಸವರುತ್ತ. "ಲಗ್ನದಾಗ ಅರಿಶಿಣ ಹಚ್ಚಿದ್ರ ಹಚ್ಚಿದ್ದು ಗೊತ್ತಾಗ್ತಿದ್ದಿಲ್ಲ, ಅಷ್ಟು ಬೆಳ್ಳಗಿದ್ಲು. ನಿಮ್ಮಪ್ಪ ಎಲ್ಲ್ಯದಾನ?"

"ನಳದ ಕಟ್ಟಿ ಮ್ಯಾಲ."

"ಇನ್ನೂ ಮಾರಿ ನೋಡಿಲ್ಲೇನು ಇಕಿದು?"

ಯಶೋಧರಾ ಇಲ್ಲವೆಂದು ತಲೆಯಾಡಿಸಿದಳು. ಆಸ್ಪತ್ರೆಯಲ್ಲೂ ನೋಡಿರಲಿಲ್ಲ. ಸಹಿ ಹಾಕಿ, ಆಂಬುಲೆನ್ಸಿನಲ್ಲಿ ಡ್ರೈವರನ ಪಕ್ಕ ಕೂತು ಬಂದಿದ್ದ.

ಚಾದರದ ಆಚೆಯಿಂದ ಅವನ ದನಿ ಒಳಗಿನವರಿಗೆ ಚೆನ್ನಾಗಿಯೇ ಕೇಳುತ್ತಿತ್ತು. ಗಲ್ಲಿಗೆ ಬಂದವರಿಗೆಲ್ಲ ಅವಳಪ್ಪ ಉತ್ತಮ ಒಂದೇ ಮಾತು ಹೇಳುತ್ತಿದ್ದ.

"ಡಾಕ್ಟರ್ ನನ್ನ ಮುಂದನs ಹೇಳಿದ. ಇವ್ರು ಔಷಧ ನೆಟ್ಟಗ ತಗೊಂಡಿಲ್ಲ, ನಡುನಡುವ ಬಿಟ್ಟಾರ, ಕಂಪ್ಯೂಟರಿನಾಗ ಎಲ್ಲಾ ಕೆಂಪು ಅದಾವ ಅಂತ. ಊರ ಮಂದೀನೆಲ್ಲ ಬಾಯಿ ತೆಗಿಸಿ ನೋಡಿದಾಕಿ. ತನ್ನ ಬಾಯಿಗೆ ಹಾಕ್ಕೊಳ್ಳಲಿಲ್ಲ. ನಾವು ಬ್ಯಾಡಾದ್ವಿ ಆಕಿಗೆ."

"ಉತ್ತಮಭಾವು, ಇವತ್ತೊಂದಿನ ಸುಮ್ಮನಿರ್ರಿ," ಎಂದ ಶಬ್ಬೀರ. ಗೋಣಿಚೀಲದಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಅವನು ಹೆಗಲಿನಿಂದ ಇಳಿಸುತ್ತಿದ್ದ.

"ನೀ ಯಾಕ ಸುಮ್ಮನಿರು ಅಂತಿ? ನೀ ಬದುಕಿದಿ. ನಿನ್ನ ಗುಳಿಗಿ ಎಣಿಸಿ ಎಣಿಸಿ ನುಂಗಿಸಿದ್ಲು. ಜರಿ ಕೆಲಸದವ್ರಿಗೆ, ಬಳ್ಳೊಳ್ಳಿ ಸುಲಿಯವ್ರಿಗೆ, ಎಲ್ಲಾರಿಗೂ ಜೀವ ಬೇಕಾಗಿತ್ತು. ಆಕಿಗೊಬ್ಬಾಕಿಗೆ ಬ್ಯಾಡಾಗಿತ್ತು."

"ಹಂಗಂದ್ರ ಛಾಯಾತಾಈ ಎದ್ದು ಬಂದು ನಿಮ್ಮ ಬಾಯಿನೂ ತೆಗಿಸಿ ನೋಡ್ಯಾಳು."

ಯಾರೋ ನಕ್ಕು, ಒಳಗಿನ ಹೆಣ ನೆನಪಾಗಿ ನಿಲ್ಲಿಸಿದರು. ಉತ್ತಮ ನಗಲಿಲ್ಲ.

"ನಾ ಹೆಗಲ ಕೊಡಂಗಿಲ್ಲ ಶಬ್ಬೀರ. ಮದಲs ಹೇಳತೇನಿ. ತಾನs ಹೋದಾಕೀನ ನಾ ಯಾಕ ಹೊರಲಿ?"

ಒಳಗೆ ಗಯಾಬಾಯಿಯ ಕೈ ನಿಂತಿತು. ಯಶೋಧರಾ ಮಾತ್ರ ಅವ್ವನ ಕಿವಿಯ ಹಿಂದಿನ ಸಾಬೂನನ್ನು ತೊಳೆಯುತ್ತಲೇ ಇದ್ದಳು, ಆ ಮಾತು ಆ ಕಿವಿಗೆ ಹೋಗಬಾರದೆಂಬಂತೆ ಅಂಗೈ ಮುಚ್ಚಿಕೊಂಡು.

*

ಬಾಯಿ ನೋಡುವುದು ಛಾಯಾಳ ನೌಕರಿಯಾಗಿತ್ತು. ನಗರಪಾಲಿಕೆಯ ವಾರ್ಡಿನ ಕ್ಷಯ ವಿಭಾಗದಲ್ಲಿ ಗುತ್ತಿಗೆಯ ಮೇಲೆ ಇದ್ದಳು. ಮೊದಲು ಮನೆಮನೆಗೆ ಹೋಗಿ ಎದುರಿಗೆ ನಿಂತು ಗುಳಿಗೆ ನುಂಗಿಸುತ್ತಿದ್ದಳು. ಆಮೇಲೆ ಕಚೇರಿಯವರು ಫೋನು ಕೊಟ್ಟರು. ಇನ್ನು ಮೇಲೆ ರೋಗಿಯೇ ತನ್ನ ಫೋನಿನ ಮುಂದೆ ಕೂತು ಹೆಸರು ಹೇಳಬೇಕು, ಗುಳಿಗೆಗಳನ್ನು ಅಂಗೈಯಲ್ಲಿಟ್ಟು ತೋರಿಸಬೇಕು, ನೀರು ಕುಡಿದು ನುಂಗಬೇಕು, ಬಾಯಿ ಅಗಲಿಸಿ ನಾಲಿಗೆ ಎತ್ತಬೇಕು. ಆ ವಿಡಿಯೊ ಛಾಯಾಳಿಗೆ ಬರುತ್ತದೆ. ಸರಿಯಾಗಿ ನುಂಗಿದ್ದರೆ ಅವಳು ಹಸಿರು ಒತ್ತಬೇಕು, ಇಲ್ಲವಾದರೆ ಕೆಂಪು. ಕೆಂಪು ಒತ್ತಿದ ಕೂಡಲೇ ಫೋನು ಹೇಳುತ್ತದೆ: ರೋಗಿಯ ಮನೆಗೆ ಹೋಗಿ.

ನಳದ ಸಾಲಿನಲ್ಲಿ ಕೊಡ ಇಟ್ಟು ನೋಡುತ್ತಿದ್ದಳು. ಒಲೆಯ ಮುಂದೆ, ಲೋಕಲ್ ರೈಲಿನ ಬಾಗಿಲಲ್ಲಿ ಸೆರಗು ಬಿಗಿದುಕೊಂಡು ನೋಡುತ್ತಿದ್ದಳು. ಯಾರ ದವಡೆಯ ಹಲ್ಲು ಹುಳುಕು, ಯಾರು ತಂಬಾಕು ಬಿಟ್ಟರು, ಯಾರು ಬಿಟ್ಟಿದ್ದೇನೆಂದು ಸುಳ್ಳು ಹೇಳುತ್ತಾರೆ, ಅವಳಿಗೆ ಗೊತ್ತಿತ್ತು. ಗಲ್ಲಿಯಲ್ಲಿ ಎದುರಾದವರ ಗುರುತು ಹತ್ತದಿದ್ದರೆ ತಾಈ 'ಒಮ್ಮಿ ಆಕಳಿಸ್ರಿ' ಅಂತಾಳೆ ಎಂದು ಶಬ್ಬೀರ ನಗೆಯಾಡುತ್ತಿದ್ದ.

ಹಸೀನಾ ಖಾಲಾ ಒಂದು ದಿನ ಗುಳಿಗೆ ನುಂಗಿ, ಬಾಯಿ ತೋರಿಸಿ, ಖುದಾ ಹಾಫಿಜ್ ಎಂದು ವಿಡಿಯೊ ಮುಗಿಸಿದಳು. ಹಾಫಿಜ್ ಅನ್ನುವುದು ಸ್ವಲ್ಪ ದಪ್ಪಗೆ ಕೇಳಿತು. ಛಾಯಾ ಕೆಂಪು ಒತ್ತಿ, ಛತ್ರಿ ಹಿಡಿದು ಹೊರಟಳು. ಖಾಲಾ ಹೊಸ್ತಿಲಲ್ಲಿ ಬೆಳ್ಳುಳ್ಳಿ ಮೂಟೆ ಹರವಿಕೊಂಡು ಕೂತಿದ್ದಳು.

"ಖಾಲಾ, ಎಡಗಲ್ಲದಾಗ ಏನಿಟ್ಟೀರಿ?"

"ಅಡಕಿ ಐತವಾ."

"ಕಿತ್ತಳಿ ಬಣ್ಣದ ಅಡಕಿ ಎಲ್ಲಿ ಮಾರ್ತಾರ್ರಿ? ನನಗೂ ಒಂದೀಟು ತರಸ್ರಿ."

ಖಾಲಾ ಮೊದಲು ನಕ್ಕಳು. ನಗುತ್ತ ನಗುತ್ತ ಅಳು ಬಂತು. ಅರ್ಧ ಕರಗಿದ ಗುಳಿಗೆಯನ್ನು ಅಂಗೈಗೆ ಉಗಿದಳು.

"ನುಂಗಿದ್ರ ಕರಳು ಕಿತ್ತು ಬರ್ತಾವ ಛಾಯಾ. ಮುಂಜಾನಿಂದ ಚಾ ಒಂದ ಕುಡದೇನಿ. ಸಂಜಿಗೆ ಮೂಟಿ ಒಪ್ಪಸಬೇಕು. ಕಾರ್ಕೋತ ಕುಂತ್ರ ಸುಲಿಯವ್ರು ಯಾರು, ನಿಮ್ಮ ಸಾಹೇಬ ಬರ್ತಾನೇನು?"

ಛಾಯಾ ಎದುರಿನ ಅಂಗಡಿಯಿಂದ ಪಾವ್ ಮತ್ತು ಬೇಯಿಸಿದ ಮೊಟ್ಟೆ ತಂದು ಕೈಗಿಟ್ಟಳು. ತಿಂದ ಮೇಲೆ ಗುಳಿಗೆ ಕೊಟ್ಟಳು. ಆಮೇಲೆ ಮೂಟೆಯ ಇನ್ನೊಂದು ಪಕ್ಕ ಕೂತು ಬೆಳ್ಳುಳ್ಳಿ ಸುಲಿಯತೊಡಗಿದಳು.

"ನಿನಗ ಕೆಲಸಿಲ್ಲೇನು? ಹೋಗು."

"ಹೋಗಂಗಿಲ್ಲ. ನಿಮ್ಮ ಹೊಟ್ಟಿ ಒಪ್ಪೂತನ ಇಲ್ಲೇ ಕೂಡ್ತೇನಿ. ಫೋನಿಗೆ ಬಾಯಿ ಕಾಣ್ತೈತಿ, ಹೊಟ್ಟಿ ಕಾಣಂಗಿಲ್ಲ. ನಿಮ್ಮ ಮೂರನೇ ಸೊಸಿ ಜಗಳಾ ಮಾಡಿದ್ದು ಹೇಳ್ರಿ, ಅದನ್ನ ಕೇಳಿದ್ರ ವಾಂತಿ ಮರೀತೈತಿ."

ಖಾಲಾ ಸೊಸೆಯ ಕತೆ ಹೇಳಿದಳು. ಕತೆ ದೊಡ್ಡದಿತ್ತು. ಮುಗಿಯುವ ಹೊತ್ತಿಗೆ ಮೂಟೆ ಅರ್ಧವಾಗಿತ್ತು, ಗುಳಿಗೆ ಹೊಟ್ಟೆಯಲ್ಲೇ ಉಳಿದಿತ್ತು. ಮನೆಗೆ ಬಂದ ಅವ್ವನ ಕೈಯ ವಾಸನೆಗೆ ಯಶೋಧರಾ ಮೂಗು ಮುಚ್ಚಿಕೊಂಡಿದ್ದಳು.

*

ಬಿಳಿ ಸೀರೆ ಉಡಿಸಿ ಆಗಿತ್ತು. ಪ್ರತಿ ಡಿಸೆಂಬರಿನಲ್ಲಿ ಚೈತ್ಯಭೂಮಿಗೆ ಹೋಗುವಾಗ ಛಾಯಾ ಉಡುತ್ತಿದ್ದ ಸೀರೆ ಅದು. ರವಿಕೆ ಸಡಿಲಾಗಿದ್ದರಿಂದ ಗಯಾಬಾಯಿ ಹಿಂದೆ ಪಿನ್ನು ಹಾಕಿದಳು. ಹೆಣವನ್ನು ಹೊರಗೆ ತಂದು, ನಳದ ಎದುರಿನ ಅಗಲ ಜಾಗದಲ್ಲಿ ಮಂಜುಗಡ್ಡೆಯ ಮೇಲೆ ಮಲಗಿಸಿದರು. ಬೌದ್ಧ ವಂದನೆ ಹೇಳಿಸುವ ಭಾಲೇರಾವ್ ಗುರೂಜಿ ತಲೆಯ ಕಡೆ ಮೇಣದಬತ್ತಿ ಹಚ್ಚಿದರು. ನಳದ ಕಟ್ಟೆ ಮೂರು ಮಾರಿನಷ್ಟೂ ದೂರವಿರಲಿಲ್ಲ. ಉತ್ತಮ ಅಲ್ಲೇ, ಬೆನ್ನು ತಿರುಗಿಸಿ ಕೂತಿದ್ದ.

ಹಸೀನಾ ಖಾಲಾ ಗೋಡೆ ಹಿಡಿದುಕೊಂಡು ಬಂದಳು. ಅವಳಿಗೆ ನಡೆದರೆ ಉಸಿರು ಕಟ್ಟುತ್ತದೆ. ಹೆಣದ ಪಕ್ಕ ಕೂತು ಬಹಳ ಹೊತ್ತು ಮುಖ ನೋಡಿದಳು. ಆಮೇಲೆ ಕುಪ್ಪಸದ ತೋಳು ಮೇಲೆ ಸರಿಸಿ, ತನ್ನ ಮುಂಗೈಯನ್ನು ಛಾಯಾಳ ಕೆನ್ನೆಯ ಪಕ್ಕಕ್ಕೆ ತಂದಳು. ಎರಡೂ ಒಂದೇ ಬಣ್ಣವಿದ್ದವು, ಕಪ್ಪಿನೊಳಗೆ ತಾಮ್ರ ಬೆರೆತ ಬಣ್ಣ.

"ನೋಡ್ರಿ ಎಲ್ಲಾರೂ. ನಾನೂ ಹಿಂಗ ಇದ್ದಿದ್ದಿಲ್ಲ. ಆ ದೊಡ್ಡ ಗುಳಿಗಿ ದಿನಾ ಹೊಟ್ಟಿಗೆ ಹೋದ್ರ ಚರ್ಮ ಹಿಂಗಾಗತೈತಿ. ಕಿಸೇದಾಗ ಇಟ್ಕೊಂಡ್ರ ಆಗಂಗಿಲ್ಲ, ಮೋರಿಗೆ ಚೆಲ್ಲಿದ್ರ ಆಗಂಗಿಲ್ಲ. ನುಂಗಬೇಕು." ಕಟ್ಟೆಯ ಕಡೆ ತಿರುಗಿ ದನಿ ಏರಿಸಿದಳು. "ಏ ಉತ್ತಮ! ನಿನಗ ಹೇಳಾಕತ್ತೇನಿ. ಎದ್ದು ಬಂದು ಹೆಂಡ್ತಿ ಮಾರಿ ನೋಡು. ಗುಳಿಗಿ ನುಂಗ್ಯಾಳೋ ಇಲ್ಲೋ ಅದರ ಮ್ಯಾಲ ಬರದೈತಿ."

"ಬಿಸಲಾಗ ತಿರುಗಿದ್ರೂ ಕಪ್ಪಾಗತಾರ ಖಾಲಾ." ಅವನು ತಿರುಗಲಿಲ್ಲ. "ಡಾಕ್ಟರಿಗಿಂತ ನೀವು ಶಾಣ್ಯಾರೇನು?"

"ಡಾಕ್ಟರ್ ನನ್ನ ಸೊಸಿ ಹೆಸರು ಕೇಳಲಿಲ್ಲಪಾ. ಇಕಿ ಕೇಳಿದ್ಲು."

ಉತ್ತಮನ ಬೆನ್ನು ಒಮ್ಮೆ ಅಲುಗಿತು, ಅಷ್ಟೆ. ಯಶೋಧರಾ ಅಪ್ಪನ ಬೆನ್ನನ್ನೇ ನೋಡುತ್ತಿದ್ದಳು. ಕಸದ ಗಾಡಿ ತುಂಬಿ ತುಂಬಿ ಒಂದು ಕಡೆ ವಾಲಿದ ಬೆನ್ನು. ಅವ್ವ ಇನ್ನು ಸ್ವಲ್ಪ ಹೊತ್ತಿಗೆ ಈ ಗಲ್ಲಿ ಬಿಟ್ಟು ಹೋಗುತ್ತಾಳೆ. ಆ ಬೆನ್ನು ತಿರುಗದೆ ಹೋದರೆ ಅವ್ವ ಮನೆ ಬೇಡವೆಂದು ಬಿಟ್ಟುಹೋದವಳಾಗಿಯೇ ಹೋಗುತ್ತಾಳೆ, ಈ ಗಲ್ಲಿಯ ಬಾಯಲ್ಲಿ ಹಾಗೆಯೇ ಉಳಿಯುತ್ತಾಳೆ. ತನಗೆ ಗೊತ್ತಿದ್ದದ್ದನ್ನು ಹೇಳಬೇಕೆಂದು ಯಶೋಧರಾ ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಬಗ್ಗಿ ಅವ್ವನ ಸೆರಗು ಸರಿಮಾಡಿದಳು.

*

ಕೆಮ್ಮು ಕೇಳಿದ ದಿನವೇ ಛಾಯಾಳಿಗೆ ಗೊತ್ತಾಗಿತ್ತು. ಬೇರೆಯವರ ಕೆಮ್ಮನ್ನು ಅಷ್ಟು ವರ್ಷ ಕೇಳಿದವಳಿಗೆ ತನ್ನದರ ಗುರುತು ಹತ್ತದೇ ಇರುತ್ತದೆಯೇ? ಕಫ ಕೊಟ್ಟಳು. ಸಾದಾ ಔಷಧಿಗೆ ಬಗ್ಗದ ಕ್ಷಯ ಎಂದು ಬಂತು. ಕಚೇರಿಯ ಬರ್ವೆ ಸರ್ ಅವಳ ಹೆಸರನ್ನು ಕಂಪ್ಯೂಟರಿಗೆ ಹಾಕಲು ಕೂತರು.

"ಗಲ್ಲಿ ಯಾವುದು ತಾಈ?"

"ಗೊತ್ತಿಲ್ಲೇನ್ರಿ ಸರ್ ನಿಮಗ?"

"ಗಲ್ಲಿ ಹಾಕಿದ್ರ ನೋಡೋರ ಹೆಸರು ತಾನೇ ಬರತೈತಿ." ಒತ್ತಿದರು. ಬಂತು. ರೋಗಿ: ಛಾಯಾ ಉತ್ತಮ ಗಾಂಗುರ್ಡೆ. ನೋಡುವವರು: ಛಾಯಾ ಉತ್ತಮ ಗಾಂಗುರ್ಡೆ. ಇಬ್ಬರೂ ನಕ್ಕರು. "ಸದ್ಯಕ್ಕ ಇರ್ಲಿ ಬಿಡ್ರಿ. ನಿಮ್ಮಷ್ಟು ಚೊಲೋ ನೋಡೋರು ವಾರ್ಡಿನಾಗ ಬ್ಯಾರೆ ಯಾರದಾರ? ಆಮ್ಯಾಲ ಬದಲಿ ಮಾಡೂಣಂತ."

"ಸರ್, ರಜಾ..."

"ಗುತ್ತಿಗಿ ಮಂದಿಗೆ ರಜಾ ಎಲ್ಲಿ ತಾಈ? ನನಗೂ ಇಲ್ಲ. ಮನ್ಯಾಗ ಮಲಕೊಂಡs ಮಾಡ್ರಿ. ಫೋನಿನ ಕೆಲಸ, ಏನು ಮಣ್ಣು ಹೊರೂದೈತಿ?"

ಹೀಗೆ ಛಾಯಾ ಚಾಪೆಯ ಮೇಲೆ ಮಲಗಿ ಇಡೀ ವಾರ್ಡಿನ ಬಾಯಿ ನೋಡಿದಳು. ಎಲ್ಲರದೂ ಮುಗಿದ ಮೇಲೆ ತನ್ನದನ್ನು ತೆಗೆದುಕೊಂಡು, ತನಗೆ ತಾನೇ ಕಳಿಸಿ, ತಾನೇ ನೋಡಿದಳು. ನುಂಗಿದ ಗುಳಿಗೆ ಹೊಟ್ಟೆಯಲ್ಲಿ ಉಳಿದರೆ ಹಸಿರು. ಕಾರಿಕೊಂಡರೆ ಕೆಂಪು. ಹಸಿರೇ ಒತ್ತಿಬಿಡಬಹುದಿತ್ತು. ಕೇಳುವವರು ಯಾರೂ ಇರಲಿಲ್ಲ.

"ಒತ್ತಿಬಿಡು ಅವ್ವಾ ಹಸಿರು," ಎಂದಿದ್ದಳು ಯಶೋಧರಾ. "ಕೆಂಪು ಹೆಚ್ಚಾದ್ರ ನಿನಗs ಬೈತಾರ."

"ಮಂದಿಗೆ ಕೆಂಪು ಒತ್ತಿದ ಬೆರಳು ಇದು. ತನಗ ಮಾತ್ರ ಹಸಿರು ಒತ್ತಿದ್ರ ನಾಳಿ ಖಾಲಾನ ಮಾರಿ ಹ್ಯಾಂಗ ನೋಡ್ಲಿ? ಅಲ್ಲದ ಕೆಂಪು ಕಂಡ್ರ ಯಾರರೆ ಕೇಳತಾರ. ಬರತಾರ."

ಕೆಂಪು ಒತ್ತಿದಳು. ಒತ್ತಿದ ಕೂಡಲೇ ಅವಳ ಕೈಯಲ್ಲಿದ್ದ ಫೋನೇ ಹೊಡೆದುಕೊಂಡಿತು: ರೋಗಿಯ ಮನೆಗೆ ಹೋಗಿ.

ಛಾಯಾ ಆ ಅಕ್ಷರಗಳನ್ನು ನೋಡಿದಳು. ಎದ್ದಳು. ಮುಖಕ್ಕೆ ಮಾಸ್ಕು ಕಟ್ಟಿ, ಛತ್ರಿ ತೆಗೆದುಕೊಂಡು ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ಯಶೋಧರಾ ಏನಾಯಿತೆಂದು ನೋಡುವಷ್ಟರಲ್ಲಿ ಹೊರಗಿನಿಂದ ಬಾಗಿಲು ಬಡಿದ ಸದ್ದಾಯಿತು.

"ಛಾಯಾತಾಈ ಅದಾರೇನ್ರಿ ಮನ್ಯಾಗ?"

ಮಗಳಿಗೆ ನಗು ತಡೆಯಲಾಗಲಿಲ್ಲ. "ಅದಾರ್ರೀ. ಒಳಗ ಬರ್ರಿ."

ಛಾಯಾ ಒಳಗೆ ಬಂದು, ತಾನು ಮಲಗುವ ಚಾಪೆಯ ಎದುರಿಗೆ ಕೂತು, ಖಾಲಿ ಚಾಪೆಯನ್ನು ಕೇಳಿದಳು.

"ಯಾಕ ತಾಈ, ಇವತ್ತು ಕಾರ್ಕೊಂಡ್ರಂತ?"

ಥಟ್ಟನೆ ಎದ್ದು ಚಾಪೆಯ ಮೇಲೆ ಕೂತು ತಾನೇ ಉತ್ತರ ಕೊಟ್ಟಳು. "ಏನ್ ಮಾಡ್ಲಿ ಅಕ್ಕಾರ, ಹೊಟ್ಟಿ ಒಪ್ಪವಲ್ದು."

ಮತ್ತೆ ಎದುರಿಗೆ. "ಏನರೆ ತಿಂದು ನುಂಗಬೇಕಲ್ರಿ."

ಮತ್ತೆ ಚಾಪೆಗೆ. "ತಿನ್ನಾಕ ರುಚೀನs ಇಲ್ಲ. ಗುಳಿಗಿ ಬದಲಿ ಮಾಡಂತ ಡಾಕ್ಟರಿಗೆ ಹೇಳೂಣಂದ್ರ, ಅವ್ರು ಕೂಡೂ ಹೊತ್ತು ನನ್ನ ಮಂದಿ ಗುಳಿಗಿ ನುಂಗೂ ಹೊತ್ತು ಒಂದs."

ಹೀಗೆ ಅತ್ತಿತ್ತ ಎದ್ದು ಕೂತು ಎದ್ದು ಕೂತು ದಣಿದಳು. ಯಶೋಧರಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕೊನೆಗೆ ಛಾಯಾ ಚಾಪೆ ಬಿಟ್ಟು ಏಳಲಿಲ್ಲ. ಎದುರಿನ ಖಾಲಿ ಜಾಗವನ್ನು ನೋಡುತ್ತ ಹೇಳಿದಳು.

"ಸ್ವಲ್ಪ ಹೊತ್ತು ಕೂಡ್ರಿ ಅಕ್ಕಾರ. ಹೊಟ್ಟಿ ಒಪ್ಪೂತನ."

ಯಶೋಧರಾ ಆಗಲೂ ನಕ್ಕಿದ್ದಳು. ಕಾಲೇಜಿಗೆ ಹೊತ್ತಾಯಿತೆಂದು ಚೀಲ ತೆಗೆದುಕೊಂಡು ಹೋಗಿದ್ದಳು.

*

ವಂದನೆ ಶುರುವಾಗಬೇಕೆನ್ನುವಾಗ ಬರ್ವೆ ಸರ್ ಬಂದರು. ಕೈಯಲ್ಲಿ ಸೇವಂತಿಗೆ ಹಾರ. ಮೂಗಿಗೆ ಮಾಸ್ಕು. ಹಾರ ಹಾಕಿ, ಕೈಮುಗಿದು, ಕಣ್ಣು ಒರೆಸಿಕೊಂಡರು. ಸುಳ್ಳು ಕಣ್ಣೀರಲ್ಲ ಅದು. ಆಮೇಲೆ ಯಶೋಧರಾಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು.

"ಮಗಾ, ಆಫೀಸಿನ ಫೋನು?"

"ಇಲ್ಲೇ ಐತ್ರಿ."

"ಈಗ ಕೊಟ್ಟಿದ್ರ ಚೊಲೋ ಆಗ್ತಿತ್ತು. ಮುಂಜಾನಿಂದ ವಿಡಿಯೊ ಬಂದು ಬಿದ್ದಾವ, ನೋಡೋರಿಲ್ಲ. ಮ್ಯಾಲಿನವ್ರು ಫೋನ್ ಮ್ಯಾಲ ಫೋನ್ ಮಾಡಾಕತ್ತಾರ. ನಾಳಿಗೆ ಹೊಸ ಹುಡುಗಿ ಬರ್ತಾಳ."

"ಹೆಣ ಎತ್ತಲಿ ತಡೀರೋ!" ಎಂದಳು ಗಯಾಬಾಯಿ. "ನಾವೇನು ನಿಮ್ಮ ಡಬ್ಬಿ ನುಂಗಂಗಿಲ್ಲ."

"ತಪ್ಪು ತಿಳೀಬ್ಯಾಡ್ರಿ ಅಕ್ಕಾ. ತಾಈ ನಮ್ಮ ಮನಿ ಮನುಷ್ಯಾಳಿದ್ದಂಗ ಇದ್ಲು. ಏನು ಮಾಡೋದು, ಔಷಧ ಒಂದು ನೆಟ್ಟಗ ತಗೊಂಡಿದ್ರ..."

ಕಟ್ಟೆಯ ಮೇಲಿದ್ದ ಉತ್ತಮ ತಲೆ ಎತ್ತಿದ. "ಕೇಳ್ದೇನು ಖಾಲಾ? ಇವ್ರೂ ಅದನ್ನs ಅಂತಾರ."

ಆಗ ಯಶೋಧರಾ ಫೋನನ್ನು ಎದೆಗೊತ್ತಿಕೊಂಡು ಕೇಳಿದಳು.

"ಸರ್, ಕೆಂಪು ಒತ್ತಿದವ್ರು ಯಾರು?"

"ಅಂದ್ರ?"

"ಅವ್ವನ ಹೆಸರಿನ ಮುಂದ ಕೆಂಪು ಅದಾವಲ್ರಿ. ಯಾರು ಒತ್ತಿದ್ರು?"

ಬರ್ವೆ ಮಾಸ್ಕನ್ನು ಮೂಗಿನ ಮೇಲೆ ಎಳೆದುಕೊಂಡರು.

"ಅವ್ವನs ಒತ್ತಿದ್ಲು. ನೀವು ಆಕಿಗೆ ನೋಡೋರನ್ನ ಕೊಡಲಿಲ್ಲ. ಆಕೀನs ನುಂಗಬೇಕು, ಆಕೀನs ನೋಡಬೇಕು. ಒಂದ ದಿನ ಬಿಡದ ನುಂಗಿದ್ಲು. ಹೊಟ್ಟಿ ಹೊರಗ ಹಾಕಿದ ದಿನ ಕೆಂಪು ಒತ್ತಿ ದಾರಿ ಕಾಯ್ತಿದ್ಲು. ಕೆಂಪು ಬಿದ್ರ ಮನಿಗೆ ಹೋಗಬೇಕಲ್ರಿ ಸರ್. ಯಾರು ಬಂದ್ರಿ ನಮ್ಮ ಮನಿಗೆ?"

"ಮಗಾ, ನಾ ಬದಲಿ ಮಾಡ್ಬೇಕಂತಿದ್ದೆ. ಕೆಲಸದಾಗ... ನಂದೂ ಗುತ್ತಿಗಿ ನೌಕರೀನs..."

"ನೀವು ನೋಡಿದ್ರೇನು ಒಂದರೆ ವಿಡಿಯೊ ಆಕೀದು?"

ಮಂಜುಗಡ್ಡೆ ಕರಗಿದ ನೀರು ಗಟಾರಕ್ಕೆ ಬೀಳುವುದು ಕೇಳಿಸುತ್ತಿತ್ತು. ಉತ್ತಮ ಕಟ್ಟೆಯಿಂದ ಇಳಿದು ನಿಂತಿದ್ದ. ತಿರುಗಿದ್ದ. ಮಗಳ ಮುಖದಿಂದ ಅವನ ಕಣ್ಣು ಮಂಜುಗಡ್ಡೆಯ ಮೇಲಿನ ಮುಖಕ್ಕೆ ಇಳಿಯಿತು. ಆ ಬಣ್ಣವನ್ನು ಅವನು ಮೊದಲ ಸಲ ನೋಡುತ್ತಿರುವಂತಿತ್ತು. ಒಂದೇ ಸೂರಿನ ಕೆಳಗೆ ಇದ್ದ ಹೆಂಡತಿಯ ಮುಖ ಯಾವಾಗ ಹೀಗಾಯಿತು? ಅವನು ರಾತ್ರಿ ಕಸದ ಗಾಡಿಗೆ ಹೋಗಿ ಬೆಳಗ್ಗೆ ಬಂದು ಅಟ್ಟ ಹತ್ತಿ ಮಲಗುವವನು.

"ನುಂಗಿದ್ಲೇನು?" ಮಗಳನ್ನು ಕೇಳಿದ. ದನಿ ಮಗುವಿನ ದನಿಯಂತಿತ್ತು.

"ಹೂಂ ಅಪ್ಪಾ. ದಿನಾ."

"ಫೋನಿನಾಗ ಐತೇನು ಅದು?"

"ಎಲ್ಲಾ ಐತಿ."

ಉತ್ತಮ ಪಕ್ಕದ ಮನೆಯ ಪ್ಲಾಸ್ಟಿಕ್ ಸ್ಟೂಲನ್ನು ಎಳೆದು ತಂದು ಹೆಂಡತಿಯ ತಲೆಯ ಹತ್ತಿರ ಇಟ್ಟ. ಬರ್ವೆಯ ರಟ್ಟೆ ಹಿಡಿದು ಕೂರಿಸಿದ. ಒರಟಾಗಿ ಅಲ್ಲ, ಮದುವೆ ಮನೆಯಲ್ಲಿ ಬೀಗರನ್ನು ಕೂರಿಸುವ ಹಾಗೆ.

"ಕೂಡ್ರಿ ಸರ್. ಇಕೀದು ನೋಡ್ರಿ. ಮದಲಿನಿಂದ."

"ಉತ್ತಮಭಾವು, ಈಗ..."

"ಈಗs. ಮಂದಿ ಬಾಯಿ ನೋಡಾಕ ನಿಮಗ ಫೋನ್ ಬೇಕಾಗೈತಲ್ಲ, ಇಕಿ ಬಾಯಿನೂ ಅದರಾಗs ಐತಿ. ನೋಡ್ರಿ. ಇಕಿ ಗುಳಿಗಿ ನುಂಗ್ಯಾಳಂತ ನಿಮ್ಮ ಬಾಯಿಂದ ಹೇಳ್ರಿ. ಅಲ್ಲೀತನ ಹೆಣ ಏಳಂಗಿಲ್ಲ."

"ಹೊತ್ತು ಏರಾಕತ್ತೇತೋ," ಎಂದಳು ಗಯಾಬಾಯಿ. "ಐಸ್ ಕರಗಾಕತ್ತೇತಿ."

"ಮತ್ತೊಂದು ಗಡ್ಡಿ ತರ್ತೇನಿ," ಎಂದ ಶಬ್ಬೀರ.

ಗುರೂಜಿ ಕೈಯಲ್ಲಿದ್ದ ಕಡ್ಡಿಪೆಟ್ಟಿಗೆಯನ್ನು ಜೇಬಿಗೆ ಹಾಕಿಕೊಂಡು ನೆಲದ ಮೇಲೆ ಕೂತರು. ಅದನ್ನು ನೋಡಿ ಖಾಲಾ ಕೂತಳು. ಹೆಂಗಸರು ಕೂತರು. ಮಾಸ್ಕು ಕಟ್ಟಿಕೊಂಡು ಗಲ್ಲಿಯ ಆ ತುದಿಯಲ್ಲಿ ದೂರ ನಿಂತಿದ್ದ ರೋಗಿಗಳು ಒಬ್ಬೊಬ್ಬರೇ ಹತ್ತಿರ ಸರಿದರು.

ಯಶೋಧರಾ ಫೋನು ತೆರೆದು ಬರ್ವೆಯ ಕೈಗೆ ಕೊಟ್ಟಳು. ಗಲ್ಲಿಯಲ್ಲಿ ಛಾಯಾಳ ದನಿ ಎದ್ದಿತು.

"ನಮಸ್ಕಾರ. ನಾನು ಛಾಯಾ ಉತ್ತಮ ಗಾಂಗುರ್ಡೆ. ಇವತ್ತಿನ ಗುಳಿಗಿ ಇವು."

ಚಾದರದ ಪಕ್ಕ ನಿಂತಿದ್ದ ಯಾರೋ ಹೋ ಎಂದು ಅತ್ತರು. ಮೊದಲ ವಿಡಿಯೊಗಳಲ್ಲಿ ಛಾಯಾ ಬೆಳ್ಳಗಿದ್ದಳು, ದುಂಡಗಿದ್ದಳು, ಕ್ಯಾಮೆರಾದ ಮುಂದೆ ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ಒಂದರಲ್ಲಿ ನಾಲಿಗೆ ಎತ್ತಿ ತೋರಿಸುತ್ತ ತನಗೇ ನಗು ಬಂದು ನೀರು ಚಿಮ್ಮಿಸಿದ್ದಳು. ಒಂದರಿಂದ ಒಂದಕ್ಕೆ ಮುಖ ಕರಗಿತು, ಬಣ್ಣ ಕಪ್ಪೇರಿತು, ಹೆಸರು ಹೇಳುವ ದನಿ ಸಣ್ಣದಾಯಿತು. ಅಂಗೈಯ ಗುಳಿಗೆಗಳು ಮಾತ್ರ ಅಷ್ಟೇ ಇದ್ದವು. ಬರ್ವೆಯ ಬೆರಳು ಅಭ್ಯಾಸದಿಂದ ವಿಡಿಯೊ ಓಡಿಸಲು ಹೋಯಿತು.

"ಓಡಸಬ್ಯಾಡ್ರಿ," ಎಂದ ಉತ್ತಮ. "ಆಕಿ ನುಂಗಿದಷ್ಟು ಹೊತ್ತು ನೋಡ್ರಿ."

ಅವನು ಸ್ಟೂಲಿನ ಹಿಂದೆ ನಿಂತು ತಾನೂ ನೋಡುತ್ತಿದ್ದ. ಪ್ರತಿ ಸಲ ಅವಳು ಬಾಯಿ ತೆರೆದಾಗ ಅವನ ಬಾಯಿಯೂ ಸ್ವಲ್ಪ ತೆರೆಯುತ್ತಿತ್ತು. "ನುಂಗಿದ್ಲು. ನೋಡ್ರಿ, ನುಂಗಿದ್ಲು," ಎಂದು ಎಲ್ಲರ ಕಡೆ ತಿರುಗಿ ಹೇಳುತ್ತಿದ್ದ. ಮುಖದ ಮೇಲೆ ಒಂದು ರೀತಿಯ ಬೆಳಕಿತ್ತು, ಕೋರ್ಟಿನಲ್ಲಿ ಗೆಲ್ಲುತ್ತಿರುವವನ ಬೆಳಕು. "ನಮ್ಮಾಕಿ ನುಂಗಿದ್ಲು! ಅಕ್ಕಾ, ನೋಡಿದೇನು?"

ಬರ್ವೆ ಮಾಸ್ಕನ್ನು ಗಲ್ಲಕ್ಕೆ ಎಳೆದುಕೊಂಡು, ಹೇಗೋ ಹೇಳಿದರು. "ತಾಈ ಗುಳಿಗಿ ತಗೊಂಡಾಳ. ತಪ್ಪಿಸಿಲ್ಲ."

"ಇನ್ನೊಮ್ಮಿ ಹೇಳ್ರಿ. ಎಲ್ಲಾರಿಗೂ ಕೇಳಂಗ."

"ತಪ್ಪಿಸಿಲ್ಲ."

ಅಷ್ಟರಲ್ಲಿ ಮುಂದಿನದು ತಾನೇ ಶುರುವಾಗಿತ್ತು. ಛಾಯಾ ಹೆಸರನ್ನು ಪಿಸುಮಾತಿನಲ್ಲಿ ಹೇಳಿದಳು. ನುಂಗಿದಳು. ಬಾಯಿ ತೆರೆದಳು, ನಾಲಿಗೆ ಎತ್ತಿದಳು. ಎತ್ತಿದ ನಾಲಿಗೆ ಇಳಿಸುವ ಮೊದಲೇ ಧಡಕ್ಕನೆ ಎದ್ದು ಪಕ್ಕಕ್ಕೆ ಹೋದಳು. ತೆರೆಯ ಮೇಲೆ ಬರೀ ಗೋಡೆ ಉಳಿಯಿತು, ಮೊಳೆಗೆ ನೇತುಹಾಕಿದ ಒಂದು ಅಂಗಿ. ಮೋರಿಯ ಕಡೆಯಿಂದ ವಾಂತಿಯ ಸದ್ದು, ತಡೆದು ತಡೆದು, ಕರುಳು ಮಗುಚುವ ಸದ್ದು. ಅದರ ಮೇಲೆ, ಅಟ್ಟದಿಂದ, ನಿದ್ದೆಗಣ್ಣಿನ ಒಂದು ಗಂಡಸಿನ ದನಿ ಬಂತು.

"ಏ! ಏನs ಅದು ಸಪ್ಪಳ? ರಾತ್ರಿಯೆಲ್ಲಾ ಊರ ಹೇಸಿಗಿ ಹೊತ್ತು ಬಂದು ಈಗ ಕಣ್ಣು ಹತ್ತೇತಿ. ಸಾಯೂದಿದ್ರ ಹೊರಗ ಹೋಗಿ ಸಾಯಿ!"

ಗಲ್ಲಿಯಲ್ಲಿ ಆ ದನಿಯ ಗುರುತಿಲ್ಲದವರು ಯಾರೂ ಇರಲಿಲ್ಲ. ಯಾರೂ ಉತ್ತಮನ ಕಡೆ ನೋಡಲಿಲ್ಲ. ಗಯಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬರ್ವೆಗೆ ಫೋನು ನಿಲ್ಲಿಸುವುದು ಹೇಗೆಂದು ಮರೆತುಹೋದಂತಿತ್ತು.

ವಾಂತಿಯ ಸದ್ದು ಅರ್ಧದಲ್ಲೇ ನಿಂತಿತು, ಯಾರೋ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಸ್ವಲ್ಪ ಹೊತ್ತು ಗೋಡೆ, ಅಂಗಿ. ಆಮೇಲೆ ಛಾಯಾ ಮೊಣಕಾಲ ಮೇಲೆ ತೆವಳಿ ಬಂದಳು. ಕಣ್ಣು ಮೂಗು ಸುರಿಯುತ್ತಿದ್ದವು. ಸೆರಗಿನಿಂದ ಒರೆಸಿಕೊಂಡು ಅಟ್ಟದ ಕಡೆ ಒಮ್ಮೆ ನೋಡಿದಳು. ಮೇಲಿನಿಂದ ಗೊರಕೆ ಶುರುವಾಯಿತು. ಅವಳು ಫೋನಿನ ತೀರ ಹತ್ತಿರ ಬಾಗಿ, ನೋಡುವವರ ಕಣ್ಣಿಗೆ ಕಣ್ಣಿಟ್ಟು, ತುಟಿಯ ಮೇಲೆ ಬೆರಳಿಟ್ಟಳು. ತೆರೆ ಕತ್ತಲಾಗುವ ತನಕ ತೆಗೆಯಲಿಲ್ಲ.